ಕೊಡಗಿನ ಮಕ್ಕಳಿಗೆ ಆರ್ಕಿಟೆಕ್ಚರ್ ಪರಿಚಯಿಸುವ ಬೇಸಿಗೆ ಶಾಲೆ: ಏನು ಕಲಿಸಬೇಕು, ಹೇಗೆ ನಡೆಸಬೇಕು?

ಪ್ರಶ್ನೆ: ನಾನು ದಕ್ಷಿಣ ಕೊಡಗಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ಬರುವ ಬೇಸಿಗೆ ರಜೆಯಲ್ಲಿ 9ನೇ ತರಗತಿಯಿಂದ ಪ್ರಥಮ ಪಿಯುಸಿವರೆಗಿನ ಸುಮಾರು 20 ಮಕ್ಕಳಿಗೆ ಆರ್ಕಿಟೆಕ್ಚರ್ ಓದು ಅಂದರೆ ಏನೆಂದು ಪರಿಚಯಿಸುವ ಶಿಬಿರ ನಡೆಸಬೇಕೆಂದಿದ್ದೇವೆ. ಮೈಸೂರಿನಿಂದ ಇಬ್ಬರು ಆರ್ಕಿಟೆಕ್ಟ್‌ಗಳು ಬರಲು ಒಪ್ಪಿದ್ದಾರೆ. ಎಷ್ಟು ದಿನ ನಡೆಸಬೇಕು, ಏನು ಕಲಿಸಬೇಕು, ಯಾವ ಸಾಮಾನು ತರಬೇಕು? ಪೋಷಕರು ನಾಟಾ ಕೋಚಿಂಗ್ ಕೊಡಿ, ಕಂಪ್ಯೂಟರಿನಲ್ಲಿ ತ್ರೀಡಿ ಕಲಿಸಿ ಎನ್ನುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ಪೋಷಕರ ಮಾತಿನಿಂದಲೇ ಶುರು ಮಾಡೋಣ. ಅದು ಇತ್ಯರ್ಥವಾಗದೆ ಉಳಿದದ್ದು ಯಾವುದೂ ನಿಲ್ಲುವುದಿಲ್ಲ.

ಕೋಚಿಂಗ್ ಬೇಡ. ನಾಟಾ ಎಂಬುದು ಆರ್ಕಿಟೆಕ್ಚರ್ ಓದಿಗೆ ವಾಸ್ತುಶಿಲ್ಪ ಪರಿಷತ್ತು (ಕೌನ್ಸಿಲ್ ಆಫ್ ಆರ್ಕಿಟೆಕ್ಚರ್) ನಡೆಸುವ ಪ್ರವೇಶ ಪರೀಕ್ಷೆ. ಅದರ ಸ್ವರೂಪ ಆಗಾಗ ಬದಲಾಗುತ್ತ ಬಂದಿದೆ. ಈಗ 9ನೇ ತರಗತಿಯಲ್ಲಿರುವ ಮಗು ಪರೀಕ್ಷೆಗೆ ಕೂರುವ ಹೊತ್ತಿಗೆ ಪತ್ರಿಕೆಯೇ ಬೇರೆ ಇದ್ದೀತು. ಪರೀಕ್ಷೆಯ ತಯಾರಿಗೆ ದ್ವಿತೀಯ ಪಿಯುಸಿಯ ವರ್ಷ ಸಾಕು. ಕಂಪ್ಯೂಟರೂ ಈಗಲೇ ಬೇಡ. ತೆರೆಯ ಮೇಲೆ ಗೋಡೆ 230 ಮಿ.ಮೀ. ದಪ್ಪವಿದ್ದರೂ 2300 ಮಿ.ಮೀ. ಇದ್ದರೂ ದೊಡ್ಡದು ಚಿಕ್ಕದು ಮಾಡಿ ನೋಡುವವರಿಗೆ ಎರಡೂ ಒಂದೇ. ಅಳತೆಯ ಅಂದಾಜು ಮೈಗೆ ಹತ್ತುವ ಮೊದಲೇ ಮೌಸ್ ಹಿಡಿದ ಮಗು ಏಳು ಮೀಟರ್ ಎತ್ತರದ ಬಾಗಿಲನ್ನೂ ಸಂಕೋಚವಿಲ್ಲದೆ ಇಡುತ್ತದೆ. ಸಾಫ್ಟ್‌ವೇರನ್ನು ಕಾಲೇಜಿನಲ್ಲಿ ಹೇಗೂ ಕಲಿಯುತ್ತಾರೆ.

ಬೇಸಿಗೆ ಶಾಲೆಗೆ ಇರುವುದು ಒಂದೇ ಕೆಲಸ. ಐದು ವರ್ಷದ ಬಿ.ಆರ್ಕ್. ಕೋರ್ಸಿನಲ್ಲಿ ವಿದ್ಯಾರ್ಥಿ ದಿನಾ ಮಾಡುವುದು ಎಂಥ ಕೆಲಸ ಎಂಬುದನ್ನು ಮಗು ತನ್ನ ಕೈಯಲ್ಲೇ ಮಾಡಿ ನೋಡಬೇಕು. ಅಳೆಯುವುದು, ಗೆರೆ ಎಳೆಯುವುದು, ರಟ್ಟು ಕತ್ತರಿಸುವುದು, ಹತ್ತು ಜನರ ಮುಂದೆ ತೂಗುಹಾಕಿ ಟೀಕೆ ಕೇಳಿಸಿಕೊಳ್ಳುವುದು, ಆಮೇಲೆ ಮೊದಲಿಂದ ಮತ್ತೆ ಮಾಡುವುದು. ಮೂರನೇ ಸಲ ಮಾಡುವಾಗಲೂ ಯಾವ ಮಗುವಿಗೆ ಹುರುಪು ಉಳಿದಿರುತ್ತದೋ ಅದಕ್ಕೆ ಈ ಓದು ಒಗ್ಗುತ್ತದೆ. ‘ಇದು ನನಗಲ್ಲ’ ಎಂದು ತಿಳಿದುಕೊಂಡು ಮನೆಗೆ ಹೋದ ಮಗುವಿಗೂ ನೀವು ಉಪಕಾರವನ್ನೇ ಮಾಡಿರುತ್ತೀರಿ. ಎರಡನೇ ವರ್ಷದಲ್ಲಿ ಸೀಟು ಬಿಟ್ಟು ಬರುವ ಸಂಕಟ ಅದಕ್ಕೆ ತಪ್ಪುತ್ತದೆ.

ದಿನ, ಗುಂಪು, ಮೊದಲ ಪಾಠ

ಹನ್ನೆರಡು ದಿನ ಇಟ್ಟುಕೊಳ್ಳಿ: ಎರಡು ವಾರ, ಭಾನುವಾರ ರಜೆ, ಬೆಳಿಗ್ಗೆ 9.30ರಿಂದ 4ರವರೆಗೆ. ಐದು ದಿನದ ಶಿಬಿರದಲ್ಲಿ ಮಕ್ಕಳು ಒಂದು ಸಲ ಮಾಡಿ ಮುಗಿಸುತ್ತಾರೆ, ತಿದ್ದಿ ಮತ್ತೆ ಮಾಡಲು ಹೊತ್ತೇ ಸಿಗುವುದಿಲ್ಲ. ಕಲಿಕೆ ಇರುವುದು ಆ ತಿದ್ದುವಿಕೆಯಲ್ಲೇ. ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನ ಮೂರರ ಮೇಲೆ ಗುಡುಗು ಮಳೆ ಬರುವುದು ಹೆಚ್ಚು. ಹೊರಗಿನ ಕೆಲಸವೆಲ್ಲ ಊಟಕ್ಕೆ ಮೊದಲೇ ಮುಗಿಯಲಿ. ಗುಡುಗು ಕೇಳಿಸಿದ ಕೂಡಲೇ ಬಯಲಿನಿಂದ, ಮರದ ಕೆಳಗಿನಿಂದ ಎಲ್ಲರನ್ನೂ ಒಳಗೆ ಕರೆದುಕೊಳ್ಳಿ.

ಮಕ್ಕಳು 20ರ ಬದಲು 21 ಇರಲಿ. ಮೂವರ ಏಳು ತಂಡಗಳಾಗುತ್ತವೆ. ಅಳತೆಯ ಕೆಲಸಕ್ಕೆ ಮೂವರೇ ಸರಿ: ಒಬ್ಬರು ಟೇಪಿನ ಸೊನ್ನೆ ಹಿಡಿಯಬೇಕು, ಒಬ್ಬರು ಓದಬೇಕು, ಒಬ್ಬರು ಬರೆಯಬೇಕು. ನಾಲ್ವರಾದರೆ ಒಬ್ಬರು ಸುಮ್ಮನೆ ನಿಲ್ಲುತ್ತಾರೆ. ಇಬ್ಬರು ಆರ್ಕಿಟೆಕ್ಟ್‌ಗಳ ಜೊತೆ ನೀವೂ ಸೇರಿದರೆ ತಲಾ ಏಳು ಮಕ್ಕಳು. ಅದಕ್ಕಿಂತ ಹೆಚ್ಚಾದರೆ ಪ್ರತಿ ಮಗುವಿನ ಹಾಳೆಯ ಮುಂದೆ ಕೂತು ಮಾತಾಡಲು ಆಗುವುದಿಲ್ಲ.

ಆಯ್ಕೆಗೆ ಚಿತ್ರಕಲೆಯ ಪರೀಕ್ಷೆ ಇಡಬೇಡಿ. ಬಣ್ಣದ ಸೂರ್ಯಾಸ್ತ ಚೆನ್ನಾಗಿ ಬಿಡಿಸುವ ಮಗುವೇ ಒಳ್ಳೆಯ ಆರ್ಕಿಟೆಕ್ಟ್ ಆಗಬೇಕೆಂದಿಲ್ಲ. ‘ಮನೆಯಿಂದ ಶಾಲೆಗೆ ಬರುವ ದಾರಿಯನ್ನು ನೆನಪಿನಿಂದ ಒಂದು ಹಾಳೆಯಲ್ಲಿ ಬಿಡಿಸಿ ತನ್ನಿ’ ಎಂದು ಹೇಳಿ. ತಿರುವಿನಲ್ಲಿರುವ ಮೋರಿ, ಎಸ್ಟೇಟ್ ಗೇಟು, ನೀರು ನಿಲ್ಲುವ ತಗ್ಗು ಯಾರ ಹಾಳೆಯಲ್ಲಿ ಇವೆಯೋ ಆ ಮಗುವಿಗೆ ನೋಡುವ ಕಣ್ಣಿದೆ.

ಮೊದಲ ದಿನ ಮಗುವಿನ ಮೈಯೇ ಅಳತೆಗೋಲು. ಗೇಣು, ಮೊಳ, ಹೆಜ್ಜೆ, ಕೈ ಚಾಚಿದಾಗಿನ ಎತ್ತರ, ಕೂತಾಗ ಮೊಣಕಾಲಿನ ಎತ್ತರ ಇವನ್ನೆಲ್ಲ ಮಿ.ಮೀ.ನಲ್ಲಿ ಬರೆದುಕೊಳ್ಳಲಿ. ಬಳಿಕ ತರಗತಿಯನ್ನು ಹೆಜ್ಜೆಯಲ್ಲಿ ಅಳೆದು, ಆಮೇಲೆ ಟೇಪಿನಲ್ಲಿ ಅಳೆದು ಎರಡನ್ನೂ ಹೋಲಿಸಲಿ. ಮೇಸ್ತ್ರಿಗಳು ಅಡಿ-ಇಂಚಿನಲ್ಲಿ ಮಾತಾಡುತ್ತಾರೆ, ನಕ್ಷೆ ಮಿ.ಮೀ.ನಲ್ಲಿ ಇರುತ್ತದೆ, ಹಾಗಾಗಿ ಒಂದು ಅಡಿ ಎಂದರೆ 305 ಮಿ.ಮೀ., ಒಂಬತ್ತು ಇಂಚಿನ ಗೋಡೆ ಎಂದರೆ 230 ಮಿ.ಮೀ. ಎಂಬುದು ಅವತ್ತೇ ಬಾಯಿಪಾಠವಾಗಲಿ. ಹಾಳೆಯ ಮೇಲೆ ಮಾತ್ರ ಎರಡೂ ಬೆರೆಯಬಾರದು.

ಪ್ಲಾನ್, ಸೆಕ್ಷನ್, ಎಲಿವೇಶನ್ ಇವನ್ನು ಬೋರ್ಡಿನ ಮೇಲೆ ವಿವರಿಸಿದರೆ ಅರ್ಧ ಮಕ್ಕಳಿಗೆ ಹೋಗುವುದಿಲ್ಲ. ಪ್ರತಿ ತಂಡಕ್ಕೂ ಎರಡು ದೊಣ್ಣೆಮೆಣಸಿನಕಾಯಿ ಕೊಡಿ. ಒಂದನ್ನು ಅಡ್ಡ ಕೊಯ್ದರೆ ಒಳಗಿನ ಕೋಣೆಗಳು, ನಡುವಿನ ಗೋಡೆಗಳು ಕಾಣುತ್ತವೆ, ಅದು ಪ್ಲಾನ್. ಇನ್ನೊಂದನ್ನು ತೊಟ್ಟಿನಿಂದ ಕೆಳಗೆ ಸೀಳಿದರೆ ಎತ್ತರ, ಚಾವಣಿಯ ದಪ್ಪ, ಒಳಗಿನ ಟೊಳ್ಳು ಕಾಣುತ್ತವೆ, ಅದು ಸೆಕ್ಷನ್. ಕೊಯ್ಯದೆ ಎದುರಿಗಿಟ್ಟು ನೋಡಿದರೆ ಎಲಿವೇಶನ್. ಚಾಕು ತಗುಲಿದ ಜಾಗಕ್ಕೆ ದಪ್ಪ ಗೆರೆ, ಅದರಾಚೆ ಕಾಣುವುದಕ್ಕೆ ತೆಳು ಗೆರೆ. ಗೆರೆಯ ದಪ್ಪ ಅಂದಕ್ಕಾಗಿ ಇರುವುದಲ್ಲ, ಏನು ಕತ್ತರಿಸಲಾಗಿದೆ ಎಂದು ಹೇಳಲು ಇರುವುದು. ಇಷ್ಟು ಅರ್ಥವಾದರೆ ಮೊದಲ ಸೆಮಿಸ್ಟರಿನ ದೊಡ್ಡ ತೊಡಕು ದಾಟಿದಂತೆ.

ಅಳತೆ ಎಲ್ಲಿ ತಪ್ಪುತ್ತದೆ

ಮೂರನೇ ದಿನ ತರಗತಿಯನ್ನು ಅಳೆದು 1:50ರಲ್ಲಿ ಬಿಡಿಸಲಿ. ಆರು ಮೀಟರಿನ ಗೋಡೆ ಹಾಳೆಯ ಮೇಲೆ 12 ಸೆಂ.ಮೀ. ಆಗುತ್ತದೆ. ಅದೇ ಕೋಣೆಯನ್ನು 1:100ರಲ್ಲೂ, ಅದರ ಒಂದು ಕಿಟಕಿಯನ್ನು 1:10ರಲ್ಲೂ ಬಿಡಿಸಲಿ. 1:100ರಲ್ಲಿ ಕಿಟಕಿಯ ಚೌಕಟ್ಟು ಎರಡು ಗೆರೆ. 1:10ರಲ್ಲಿ ಅದರ ತೋಡು, ತಿರುಗಣೆ, ನೀರು ಹೊರಗೆ ಜಾರಲು ಕಿಟಕಿಯ ತಳಕ್ಕೆ ಕೊಟ್ಟ ಇಳಿಜಾರು ಎಲ್ಲವೂ ಬೇಕು. ಯಾವ ಸ್ಕೇಲಿನಲ್ಲಿ ಏನು ಹೇಳಬೇಕು, ಏನು ಬಿಡಬೇಕು ಎಂಬ ವಿವೇಕ ಹೀಗೆ ಬರುತ್ತದೆ.

ತಪ್ಪುಗಳು ಬಹುಮಟ್ಟಿಗೆ ಎಲ್ಲ ತಂಡಗಳಲ್ಲೂ ಒಂದೇ. ಗೋಡೆಯ ಉದ್ದವನ್ನು ತುಂಡು ತುಂಡಾಗಿ ಅಳೆದು ಕೂಡುತ್ತಾರೆ: ಮೂಲೆಯಿಂದ ಕಿಟಕಿ, ಕಿಟಕಿಯ ಅಗಲ, ಅಲ್ಲಿಂದ ಬಾಗಿಲು. ಎಂಟು ತುಂಡಿನಲ್ಲಿ ತಲಾ 5 ಮಿ.ಮೀ. ತಪ್ಪಿದರೆ ಕೊನೆಯಲ್ಲಿ 40 ಮಿ.ಮೀ.ವರೆಗೆ ವ್ಯತ್ಯಾಸ ಬರಬಹುದು. ಅದರ ಬದಲು ಟೇಪನ್ನು ಒಂದು ಮೂಲೆಯಲ್ಲಿ ಹಿಡಿದು, ಸೊನ್ನೆ ಕದಲಿಸದೆ, ಸಾಲಾಗಿ ಓದುತ್ತಾ ಹೋಗಬೇಕು: 0.85, 2.05, 3.40, ಹೀಗೆ. ಎರಡನೆಯ ತಪ್ಪು ಟೇಪಿನ ಸೊನ್ನೆ. ಕೆಲವು ಉದ್ದ ಟೇಪುಗಳಲ್ಲಿ ಸೊನ್ನೆ ಬಳೆಯ ಹೊರ ಅಂಚಿನಲ್ಲಿರುತ್ತದೆ, ಕೆಲವುದರಲ್ಲಿ ಪಟ್ಟಿಯ ಮೇಲೆ ಸ್ವಲ್ಪ ಒಳಗಿರುತ್ತದೆ. ಬೆಳಿಗ್ಗೆಯೇ ನೋಡಿಕೊಳ್ಳಿ. ಹತ್ತು ಮೀಟರಿಗಿಂತ ಉದ್ದ ಎಳೆದಾಗ ಟೇಪು ನಡುವೆ ಜೋತುಬಿದ್ದು ಹೆಚ್ಚು ತೋರಿಸುತ್ತದೆ. ನಡುವೆ ಒಬ್ಬರು ಎತ್ತಿ ಹಿಡಿಯಬೇಕು.

ಮೂರನೆಯದು, ಕೋಣೆ ಚೌಕವಾಗಿಯೇ ಇದೆ ಎಂಬ ನಂಬಿಕೆ. ಹಳೆಯ ಮನೆಗಳಲ್ಲಿ ಮೂಲೆಗಳು 90 ಡಿಗ್ರಿ ಇರುವುದು ಅಪರೂಪ. ಪ್ರತಿ ಕೋಣೆಯ ಎರಡೂ ಕರ್ಣಗಳನ್ನು ಅಳೆಯಲೇಬೇಕು. 4.20 × 3.60 ಮೀಟರಿನ ಕೋಣೆ ಸರಿಯಾದ ಆಯತವಾಗಿದ್ದರೆ ಎರಡೂ ಕರ್ಣ 5.53 ಮೀಟರ್ ಬರಬೇಕು. ಒಂದು 5.56, ಇನ್ನೊಂದು 5.50 ಬಂದರೆ ಕೋಣೆ ವಾಲಿದೆ. ಆಗ ಸೆಟ್‌ಸ್ಕ್ವೇರ್ ಬದಿಗಿಟ್ಟು, ಕೈವಾರದಿಂದ ತ್ರಿಕೋನಗಳಾಗಿ ಬಿಡಿಸಬೇಕು. ನೀವು ಗಣಿತ ಶಿಕ್ಷಕಿ; ಪೈಥಾಗೊರಸ್ ಪ್ರಮೇಯ ಮಕ್ಕಳ ಕೈಗೆ ಉಪಕರಣವಾಗಿ ಸಿಗುವ ಹೊತ್ತು ಇದು, ಅವಸರ ಮಾಡಬೇಡಿ.

ಗೋಡೆಯ ದಪ್ಪವನ್ನು ಬಾಗಿಲಿನ ಹತ್ತಿರ ಅಳೆದು, ಹೊರಗಿನ ಒಟ್ಟು ಉದ್ದದಿಂದ ಒಳಗಿನ ಉದ್ದಗಳನ್ನು ಕಳೆದು ತಾಳೆ ನೋಡಬೇಕು. ಮಾಡಿನ (ಚಾವಣಿಯ) ಇಳಿಜಾರು ಅಳೆಯಲು ಏಣಿ ಹತ್ತಬೇಕಿಲ್ಲ. ಸೂರಿನ ಹತ್ತಿರ ಪಕಾಸಿನ (ಮಾಡು ಹೊರುವ ಓರೆ ಮರದ) ಕೆಳಗೆ ಮಟ್ಟಗೋಲನ್ನು 300 ಮಿ.ಮೀ. ಅಡ್ಡ ಹಿಡಿದು, ಅಷ್ಟರಲ್ಲಿ ಪಕಾಸು ಎಷ್ಟು ಏರಿತು ಎಂದು ನೋಡಿದರೆ ಸಾಕು. 200 ಮಿ.ಮೀ. ಏರಿದ್ದರೆ ಇಳಿಜಾರು ಸುಮಾರು 34 ಡಿಗ್ರಿ.

ಐನ್‌ಮನೆ, ಲೈನ್‌ಮನೆ

ನಾಲ್ಕು ಮತ್ತು ಐದನೇ ದಿನ ಹೊರಗೆ. ಕೊಡವ ಮನೆತನದ ಮೂಲ ಮನೆಯಾದ ಐನ್‌ಮನೆಗೆ ಹೋಗಲೇಬೇಕು. ಓಣಿಯಲ್ಲಿ ನಡೆದು ಬರುವಾಗ ಮನೆ ಒಮ್ಮೆಗೇ ಕಾಣದೆ ತಿರುವಿನ ಬಳಿಕ ಎದುರಾಗುವುದು, ಅಂಗಳದಿಂದ ಮೆಟ್ಟಿಲು ಹತ್ತಿ ಕಯ್ಯಾಲೆಗೆ (ಮುಂದಿನ ಜಗಲಿಗೆ) ಬರುವುದು, ಕಂಬಗಳ ನಡುವಿನ ಮರದ ಹಲಗೆಯ ಆಸನ, ಐಮರದ ಮೇಲೆ ಕೂತವರಿಗೆ ಅಂಗಳವೂ ಅದರಾಚೆಯ ಗದ್ದೆಯೂ ಕಾಣುವುದು, ಅಲ್ಲಿಂದ ಮಬ್ಬು ಬೆಳಕಿನ ನೆಲ್ಲಕ್ಕಿ ನಡುಬಾಡೆಗೆ (ನಡುಮನೆಗೆ) ಕಾಲಿಡುವುದು. ಈ ಸರಣಿಯನ್ನು ಮಕ್ಕಳು ಮಾತಿನಲ್ಲಿ ಬರೆಯದೆ ಒಂದೇ ಉದ್ದದ ಸೆಕ್ಷನ್ನಿನಲ್ಲಿ ಬಿಡಿಸಲಿ: ಓಣಿಯಿಂದ ಹಿತ್ತಲವರೆಗೆ, ನೆಲ ಎಲ್ಲೆಲ್ಲಿ ಎಷ್ಟು ಏರಿತು, ತಲೆಯ ಮೇಲಿನ ಎತ್ತರ ಎಲ್ಲಿ ಕುಗ್ಗಿತು, ಬೆಳಕು ಎಲ್ಲಿಂದ ಬಂತು. ನಡುವೆ ತೆರೆದ ಅಂಗಳವಿರುವ ಮುಂದ್‌ಮನೆ ಸಿಕ್ಕರೆ ಇನ್ನೂ ಒಳ್ಳೆಯದು. ಅಂಗಳಕ್ಕೆ ಬಿದ್ದ ಮಳೆನೀರು ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ಹುಡುಕಲು ಹೇಳಿ.

ಮನೆತನದ ಹಿರಿಯರಾದ ಪಟ್ಟೆದಾರರಿಂದ ಎರಡು ತಿಂಗಳು ಮೊದಲೇ ಒಪ್ಪಿಗೆ ಪಡೆಯಿರಿ. ಚಪ್ಪಲಿ ಅಂಗಳದಲ್ಲೇ ಉಳಿಯಲಿ. ಮನೆಯೊಳಗಿನ ಕೋಣೆ ಕನ್ನಿಕೋಂಬರೆ ಮತ್ತು ಹೊರಗಿನ ಪುಟ್ಟ ಗುಡಿ ಕೈಮಡ ಗತಿಸಿದ ಹಿರಿಯರ, ಅಂದರೆ ಕಾರಣರ, ಸ್ಮರಣೆಯ ಜಾಗಗಳು. ಒಳಗೆ ಹೋಗುವುದಾಗಲಿ ಅಳೆಯುವುದಾಗಲಿ ಫೋಟೊ ತೆಗೆಯುವುದಾಗಲಿ ಮನೆಯವರು ಹೇಳಿದಂತೆ. ಅಳೆಯದ ಕೋಣೆಯನ್ನು ನಕ್ಷೆಯಲ್ಲಿ ಖಾಲಿ ಬಿಟ್ಟು ಹೆಸರು ಮಾತ್ರ ಬರೆದರಾಯಿತು. ನಕ್ಷೆಯ ಒಂದು ಪ್ರತಿಯನ್ನು ಆ ಒಕ್ಕಕ್ಕೆ (ಮನೆತನಕ್ಕೆ) ಕೊಡುವುದನ್ನು ಮರೆಯಬೇಡಿ.

ಐನ್‌ಮನೆ ಒಂದನ್ನೇ ತೋರಿಸಿ ‘ಇದು ಕೊಡಗಿನ ವಾಸ್ತುಶಿಲ್ಪ’ ಎಂದರೆ ಅರ್ಧ ಮಾತ್ರ ಹೇಳಿದಂತೆ. ಕಾಫಿ ತೋಟದ ಕಾರ್ಮಿಕರು ಇರುವ ಲೈನ್‌ಮನೆಯನ್ನೂ ಅಳೆಯಿರಿ. ಒಂದೇ ಗೋಡೆ ಹಂಚಿಕೊಂಡ ಸಾಲು ಕೋಣೆಗಳು, ಮುಂದೆ ಕಿರಿದಾದ ಜಗಲಿ. ಅಡುಗೆಯ ಹೊಗೆ ಎಲ್ಲಿಗೆ ಹೋಗುತ್ತದೆ, ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗುತ್ತದೆ, ಓದುವ ಮಗು ಎಲ್ಲಿ ಕೂರುತ್ತದೆ, ಒಬ್ಬೊಬ್ಬರಿಗೆ ಎಷ್ಟು ಚದರ ಮೀಟರ್ ಬರುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ಮಕ್ಕಳಿಗೆ ಅಲಂಕಾರದಾಚೆಯ ವಾಸ್ತುಶಿಲ್ಪ ತಿಳಿಯುತ್ತದೆ. ನಿಮ್ಮ ಶಿಬಿರದಲ್ಲೇ ಲೈನ್‌ಮನೆಯ ಮಕ್ಕಳು ಇರಬಹುದು; ಅವರ ಮನೆಗೇ ಎಲ್ಲರನ್ನೂ ಕರೆದೊಯ್ಯಬೇಡಿ. ಖಾಲಿ ಇರುವ ಮನೆಯನ್ನು ತೋಟದವರನ್ನು ಕೇಳಿ ಗೊತ್ತು ಮಾಡಿ. ತೋಟದ ದಾರಿಗಳಲ್ಲಿ ಬೆಳಗಿನ ಜಾವ, ಸಂಜೆ ಆನೆ ಓಡಾಡುವ ಕಡೆ ಇದ್ದರೆ ಒಂಬತ್ತರ ನಂತರ ಹೊರಟು ಮೂರರೊಳಗೆ ಮರಳಿ.

ಸ್ಮಾರಕ ನೋಡಲು ಅರ್ಧ ದಿನ ಸಾಕು. ದಕ್ಷಿಣ ಕೊಡಗಿನವರಿಗೆ ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ ಹತ್ತಿರ. ಮಡಿಕೇರಿಗೆ ಹೋಗುವುದಾದರೆ 1820ರ ಓಂಕಾರೇಶ್ವರ ದೇವಾಲಯದ ಗುಮ್ಮಟವನ್ನೂ ಭಾಗಮಂಡಲದ ಕೇರಳ ಶೈಲಿಯ ಇಳಿಜಾರು ಮಾಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬಿಡಿಸಲು ಹೇಳಿ. ಒಂದೇ ಜಿಲ್ಲೆ, ಒಂದೇ ಮಳೆ, ಎರಡು ಬಗೆಯ ಚಾವಣಿ. ಯಾಕೆ ಎಂದು ಮಕ್ಕಳೇ ಮಾತಾಡಲಿ. ಸಂರಕ್ಷಿತ ಸ್ಮಾರಕಗಳಲ್ಲಿ ಟೇಪು ಹಿಡಿದು ಅಳೆಯುವ ಯೋಚನೆ ಇದ್ದರೆ ಮೊದಲೇ ಪತ್ರ ಬರೆದು ಅನುಮತಿ ಪಡೆಯಿರಿ, ಇಲ್ಲವಾದರೆ ಸ್ಕೆಚ್ ಸಾಕು.

ಬಿಸಿಲು, ಇಳಿಜಾರು, ಮಳೆ

ಇಡೀ ಶಿಬಿರದ ತಿರುಳು ಇಲ್ಲಿದೆ. ಇದಕ್ಕೆ ಎರಡು ಪೂರ್ತಿ ದಿನ ಕೊಡಿ, ಆರು ಮತ್ತು ಏಳನೇ ದಿನ.

ನಿಮಗೆ ಒಂದು ಅನುಕೂಲವಿದೆ. ಕೊಡಗು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 22ರ ಆಸುಪಾಸಿನಲ್ಲಿ, ಮಧ್ಯಾಹ್ನ 12.25ರ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ಮೈದಾನದಲ್ಲಿ ಒಂದು ಮೀಟರಿನ ಕೋಲನ್ನು ತೂಗುಗುಂಡು ನೋಡಿ ನೇರ ನಿಲ್ಲಿಸಿದರೆ ಆ ಹೊತ್ತಿನಲ್ಲಿ ನೆರಳೇ ಇರುವುದಿಲ್ಲ. ಆಗಸ್ಟಿನಲ್ಲಿ ಇನ್ನೊಮ್ಮೆ ಹೀಗಾಗುತ್ತದೆ, ಆದರೆ ಆಗ ಮೋಡ ಕವಿದಿರುತ್ತದೆ. ಶಿಬಿರದ ಎರಡನೇ ವಾರ ಈ ದಿನಕ್ಕೆ ಹೊಂದುವಂತೆ ತಾರೀಕು ಇಟ್ಟುಕೊಂಡರೆ ಬಹಳ ಚೆನ್ನ. ಬೆಳಿಗ್ಗೆ 9.25ಕ್ಕೂ ಮಧ್ಯಾಹ್ನ 3.25ಕ್ಕೂ ನೆರಳು ಹೆಚ್ಚುಕಡಿಮೆ ಕೋಲಿನಷ್ಟೇ ಉದ್ದವಿರುತ್ತದೆ, ಒಮ್ಮೆ ಪಶ್ಚಿಮಕ್ಕೆ, ಒಮ್ಮೆ ಪೂರ್ವಕ್ಕೆ. ಅಂದರೆ ಬೇಸಿಗೆಯಲ್ಲಿ ಬಿಸಿಲು ಹೊಡೆಯುವುದು ಪೂರ್ವ-ಪಶ್ಚಿಮದ ಗೋಡೆಗಳಿಗೆ. ಡಿಸೆಂಬರ್ 21ರ ನಡುಹಗಲಿನಲ್ಲಿ ಸೂರ್ಯ ದಕ್ಷಿಣದಲ್ಲಿ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ, ಅದೇ ಕೋಲಿಗೆ 72 ಸೆಂ.ಮೀ. ನೆರಳು ಉತ್ತರಕ್ಕೆ ಬೀಳುತ್ತದೆ. ಜೂನ್ 21ಕ್ಕೆ ಉತ್ತರದಲ್ಲಿ ಸುಮಾರು 79 ಡಿಗ್ರಿ, ನೆರಳು 20 ಸೆಂ.ಮೀ. ದಕ್ಷಿಣಕ್ಕೆ. ಈ ಮೂರನ್ನೂ ಒಂದೇ ಸೆಕ್ಷನ್ನಿನ ಮೇಲೆ ಗೆರೆ ಎಳೆದರೆ ದಕ್ಷಿಣದ ಕಿಟಕಿಯಿಂದ ಚಳಿಗಾಲದ ಬಿಸಿಲು ಎಷ್ಟು ಒಳಗೆ ಬರುತ್ತದೆ ಎಂದು ಮಗುವೇ ಲೆಕ್ಕ ಹಾಕುತ್ತದೆ. ತೇವ ಹೆಚ್ಚಿರುವ ಊರಿನಲ್ಲಿ ಆ ಬಿಸಿಲು ಬೇಕಾದದ್ದೇ.

ಇಳಿಜಾರು ಅಳೆಯಲು ದುಬಾರಿ ಉಪಕರಣ ಬೇಡ. ಮೇಸ್ತ್ರಿಗಳು ಬಳಸುವ ಪಾರದರ್ಶಕ ಲೆವೆಲ್ ಪೈಪು, 15 ಮೀಟರಿನದು, ಸಾಕು. 20 ಮೀಟರಿನ ಗೆರೆಯ ಮೇಲೆ ಎರಡೆರಡು ಮೀಟರಿಗೆ ಗೂಟ ಹೊಡೆದು, ಪ್ರತಿ ಗೂಟದಲ್ಲೂ ನೀರಿನ ಮಟ್ಟದಿಂದ ನೆಲಕ್ಕೆ ಎಷ್ಟು ಎಂದು ಅಳೆಯಬೇಕು. ಎತ್ತರದ ವ್ಯತ್ಯಾಸ ಗೂಟದ ಉದ್ದಕ್ಕಿಂತ ಹೆಚ್ಚಾದಾಗ ಮಟ್ಟವನ್ನು ಕೆಳಗಿನ ಗೂಟಕ್ಕೆ ಇಳಿಸಿಕೊಂಡು ಅಲ್ಲಿಂದ ಮುಂದುವರಿಯಬೇಕು. ಪೈಪಿನೊಳಗೆ ಗಾಳಿಗುಳ್ಳೆ ಉಳಿದರೆ ಎರಡು ತುದಿಯ ನೀರು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ, ಇಡೀ ಲೆಕ್ಕ ಕೆಡುತ್ತದೆ. ಮೊದಲು ಎರಡೂ ತುದಿಯನ್ನು ಅಕ್ಕಪಕ್ಕ ಹಿಡಿದು ನೀರು ಸಮವಿದೆಯೇ ನೋಡಿ, ಗುಳ್ಳೆ ಕಂಡರೆ ಪೈಪು ತಟ್ಟಿ ಹೊರಗೆ ಬಿಡಿ.

20 ಮೀಟರಿನಲ್ಲಿ 5 ಮೀಟರ್ ಇಳಿದರೆ ನಾಲ್ಕಕ್ಕೆ ಒಂದು. ಅಲ್ಲಿ 8 ಮೀಟರ್ ಆಳದ ಮನೆ ಕಟ್ಟಬೇಕಾದರೆ ಮುಂದಕ್ಕೂ ಹಿಂದಕ್ಕೂ 2 ಮೀಟರ್ ವ್ಯತ್ಯಾಸ. ಮಕ್ಕಳು ಮೂರು ಸೆಕ್ಷನ್ ಬಿಡಿಸಲಿ. ಮೊದಲನೆಯದು, ಗುಡ್ಡವನ್ನು ಪೂರ್ತಿ ಕಡಿದು ನೆಲ ಸಮ ಮಾಡುವುದು. ಹಿಂದೆ 2 ಮೀಟರ್ ಎತ್ತರದ ಬರೆ, ಅಂದರೆ ಕಡಿದ ಮಣ್ಣಿನ ಗೋಡೆ, ನಿಲ್ಲುತ್ತದೆ. ಎರಡನೆಯದು, ಅರ್ಧ ಕಡಿದು ಅರ್ಧ ತುಂಬುವುದು. ತುಂಬಿದ ಮಣ್ಣಿನ ಮೇಲೆ ಅಡಿಪಾಯ ಕೂತರೆ ಕುಸಿಯುವ ಅಪಾಯ. ಮೂರನೆಯದು, ಮನೆಯನ್ನೇ ಎರಡು ಹಂತ ಮಾಡುವುದು. ಒಂದು ಮೀಟರಿನ ವ್ಯತ್ಯಾಸಕ್ಕೆ 143 ಮಿ.ಮೀ.ನ ಏಳು ಏರು ಬೇಕು, 300 ಮಿ.ಮೀ.ನ ಆರು ಮೆಟ್ಟಿಲಿಗೆ 1.8 ಮೀಟರ್ ಜಾಗ ಹೋಗುತ್ತದೆ. ಮೂರಕ್ಕೂ ಬೆಲೆ ಇದೆ, ಯಾವುದೂ ಪುಕ್ಕಟೆ ಅಲ್ಲ.

2018ರ ಆಗಸ್ಟಿನ ಭೂಕುಸಿತವನ್ನು ಕಂಡ ಮಕ್ಕಳಿಗೆ ಮೊದಲ ಚಿತ್ರದ ಅರ್ಥ ಬೇರೆಯವರು ಹೇಳಬೇಕಿಲ್ಲ. ಗುಡ್ಡದ ಬುಡ ಕಡಿದಾಗ ಮೇಲಿನ ಮಣ್ಣಿಗೆ ಆಸರೆ ಹೋಗುತ್ತದೆ. ಮಳೆನೀರು ಇಂಗಿ ಮಣ್ಣು ಭಾರವಾಗುತ್ತದೆ, ಕಣಗಳ ನಡುವಿನ ನೀರಿನ ಒತ್ತಡ ಹೆಚ್ಚಿ ಹಿಡಿತ ಸಡಿಲವಾಗುತ್ತದೆ. ಹಾಗಾಗಿ ನೀರು ಹೊರಹೋಗುವ ದಾರಿ ಬಿಡದೆ ಬರೆಗೆ ಬರೀ ಗೋಡೆ ಕಟ್ಟಿದರೆ ಆ ಗೋಡೆ ನೀರಿನ ಒತ್ತಡಕ್ಕೇ ಉರುಳಬಹುದು. ಮನೆ ಕಳೆದುಕೊಂಡ ಕುಟುಂಬದ ಮಗು ಗುಂಪಿನಲ್ಲಿದ್ದರೆ ಈ ಪಾಠವನ್ನು ಮೆಲ್ಲಗೆ, ಅದರ ಜೊತೆ ಮೊದಲೇ ಮಾತಾಡಿ ಮಾಡಿ.

ಮಳೆಯ ಲೆಕ್ಕ ಮಕ್ಕಳಿಗೆ ತುಂಬ ಇಷ್ಟವಾಗುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರಿನ ಮಾಡಿಗೆ ಒಂದು ದಿನ 200 ಮಿ.ಮೀ. ಸುರಿದರೆ 20,000 ಲೀಟರ್. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಹೆಚ್ಚು ಬೀಳುತ್ತದೆ. ಅಷ್ಟೇ ಮಾಡಿನಿಂದ ಮೂರು ಲಕ್ಷ ಲೀಟರ್ ದಾಟುತ್ತದೆ. ಈ ನೀರು ಎಲ್ಲಿಗೆ ಹೋಗಬೇಕು ಎಂಬುದು ಮನೆಯ ಮೊದಲ ಪ್ರಶ್ನೆ.

ಇನ್ನೊಂದು ಪ್ರಶ್ನೆ ಓರೆ ಮಳೆಯದು. ಗಾಳಿಗೆ ಮಳೆ 45 ಡಿಗ್ರಿ ವಾಲಿದಾಗ ಸೂರು ಎಷ್ಟು ಮುಂದಕ್ಕೆ ಚಾಚಿದೆಯೋ ಗೋಡೆಯಲ್ಲಿ ಅಷ್ಟೇ ಎತ್ತರ ಒಣಗಿರುತ್ತದೆ. ಸೂರು 2.4 ಮೀಟರ್ ಎತ್ತರದಲ್ಲಿದ್ದು ಕಿಟಕಿಯ ತಳ 0.9 ಮೀಟರಿನಲ್ಲಿದ್ದರೆ ನಡುವೆ 1.5 ಮೀಟರ್, ಕಿಟಕಿ ಪೂರ್ತಿ ಒಣಗಿರಬೇಕಾದರೆ ಸೂರೂ 1.5 ಮೀಟರ್ ಚಾಚಬೇಕು. ಅಷ್ಟು ಚಾಚಿದ ಸೂರಿಗೆ ಕಂಬ ಬೇಕಾಗುತ್ತದೆ, ಕಂಬ ಕೊಟ್ಟರೆ ಅದೇ ಕಯ್ಯಾಲೆ. ನಾಲ್ಕನೇ ದಿನ ಅಳೆದ ಕಯ್ಯಾಲೆಯ ಅಗಲವನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಲಿ.

ವಿನ್ಯಾಸ: ಕನಸಿನ ಮನೆ ಬೇಡ

ಮಕ್ಕಳಿಗೆ ‘ನಿಮ್ಮ ಕನಸಿನ ಮನೆ ಬಿಡಿಸಿ’ ಎಂದರೆ ಈಜುಕೊಳ, ಗಾಜಿನ ಗೋಡೆ, ಎರಡು ಕಾರು ಬರುತ್ತವೆ. ಕಟ್ಟುಪಾಡಿಲ್ಲದ ಕಡೆ ಯೋಚನೆ ಹುಟ್ಟುವುದಿಲ್ಲ. ನಮ್ಮ ಸಲಹೆ ಬಸ್ ತಂಗುದಾಣ: ಮಳೆಗಾಲದ ಬೆಳಿಗ್ಗೆ ಹತ್ತು ಮಕ್ಕಳು ಚೀಲ, ಕೊಡೆ ಸಮೇತ ಕಾಯುವ ಜಾಗ. ನೆಲ 12 ಚದರ ಮೀಟರ್ ಮೀರಬಾರದು. ಬರುವ ಬಸ್ಸು ಒಳಗಿಂದಲೇ ಕಾಣಬೇಕು, ಒಳಗಿರುವವರು ರಸ್ತೆಯಿಂದ ಕಾಣಬೇಕು. ಆರು ಮಂದಿಗೆ ಆಸನ, ತಲಾ 450 ಮಿ.ಮೀ. ಎಂದರೆ 2.7 ಮೀಟರ್ ಉದ್ದ. ಒದ್ದೆ ಕೊಡೆಗೆ ಜಾಗ. ಮಾಡಿನ ನೀರು ಕಾಲಿಗೆ ಸಿಡಿಯದೆ ಮೋರಿ ಸೇರಬೇಕು. ಜಾಗ ನೀವು ಅಳೆದ ಇಳಿಜಾರಿನದ್ದೇ.

ಎಂಟರಿಂದ ಹನ್ನೊಂದನೇ ದಿನ ಇದಕ್ಕೆ. ಮೊದಲ ದಿನವೇ ಪ್ರತಿ ಮಗು ಹತ್ತು ಸಣ್ಣ ಸ್ಕೆಚ್ ಮಾಡಲಿ, ಒಂದೊಂದಕ್ಕೆ ಐದೇ ನಿಮಿಷ. ಮೊದಲ ಮೂರು ಸಾಮಾನ್ಯವಾಗಿ ಎಲ್ಲೋ ನೋಡಿದ್ದು, ತನ್ನದು ಶುರುವಾಗುವುದು ಆರು ಏಳರ ಮೇಲೆ. ಆಮೇಲೆ ಒರಟು ರಟ್ಟಿನ ಮಾದರಿ, ಟೀಕೆ, ತಿದ್ದಿದ ಸೆಕ್ಷನ್, ಕೊನೆಗೆ 1:20ರ ಮಾದರಿ. ಸೆಕ್ಷನ್ ಮೇಲೆ 45 ಡಿಗ್ರಿಯ ಮಳೆಗೆರೆ ಎಳೆಯುವುದು ಕಡ್ಡಾಯ. ಸೂರು 2.4 ಮೀಟರ್ ಎತ್ತರವಿದ್ದರೆ, 450 ಮಿ.ಮೀ. ಎತ್ತರದಲ್ಲಿ ಕೂತವರ ಮೊಣಕಾಲಿನ ಮಟ್ಟಕ್ಕೆ ಮಳೆ ಸೂರಿನ ಅಂಚಿನಿಂದ 1.95 ಮೀಟರ್ ಒಳಗೆ ಬರುತ್ತದೆ. ಒಂದೂವರೆ ಮೀಟರ್ ಆಳ, 30 ಸೆಂ.ಮೀ. ಸೂರು ಇರುವ ತಂಗುದಾಣದಲ್ಲಿ ಕೂತವರೆಲ್ಲ ನೆನೆಯುವುದು ಇದಕ್ಕೇ. ಸೂರನ್ನು 2.1ಕ್ಕೆ ಇಳಿಸಿದರೆ 1.65 ಆಗುತ್ತದೆ, ಆದರೆ ಬಸ್ಸು ಕಾಣುವುದು ಕಡಿಮೆಯಾಗುತ್ತದೆ. ಈ ಜಗ್ಗಾಟವೇ ವಿನ್ಯಾಸ.

ಮಾದರಿಗೆ ಅಂಗಡಿಗಳ ರಟ್ಟಿನ ಪೆಟ್ಟಿಗೆ ಸಾಕು, ಅಂತಿಮ ಮಾದರಿಗೆ ಮಾತ್ರ 2 ಮಿ.ಮೀ. ಮೌಂಟ್ ಬೋರ್ಡ್ ಅಥವಾ 5 ಮಿ.ಮೀ. ಫೋಮ್ ಬೋರ್ಡ್. 1:20ರಲ್ಲಿ 230 ಮಿ.ಮೀ. ಗೋಡೆ 11.5 ಮಿ.ಮೀ., ಅಂದರೆ 5 ಮಿ.ಮೀ. ಬೋರ್ಡಿನ ಎರಡು ಪದರಕ್ಕೆ ಹತ್ತಿರ. 3 ಮಿ.ಮೀ.ನ ಬಿದಿರಿನ ಕಡ್ಡಿ 60 ಮಿ.ಮೀ.ನ ಪೈಪಿಗೆ ಸಮ. ಪ್ರತಿ ಮಾದರಿಯಲ್ಲೂ 75 ಮಿ.ಮೀ. ಎತ್ತರದ ರಟ್ಟಿನ ಗೊಂಬೆ ನಿಲ್ಲಬೇಕು, ಅದು ಒಂದೂವರೆ ಮೀಟರಿನ ಮಗು. ಗೊಂಬೆ ಇಟ್ಟ ಕೂಡಲೇ ಅರ್ಧ ತಪ್ಪುಗಳು ತಾವೇ ಕಾಣುತ್ತವೆ.

ಕತ್ತರಿಸುವುದನ್ನು ಕಲಿಸಲು ಒಂದು ಗಂಟೆ ತೆಗೆದಿಡಿ. ಉಕ್ಕಿನ ಸ್ಕೇಲು ಮಾತ್ರ; ಪ್ಲಾಸ್ಟಿಕ್ ಸ್ಕೇಲಿನ ಅಂಚನ್ನು ಬ್ಲೇಡು ಹತ್ತಿ ಬೆರಳಿಗೆ ಬರುತ್ತದೆ. ಒಂದೇ ಸಲ ಒತ್ತಿ ಕತ್ತರಿಸಲು ಹೋದರೆ ಅಂಚು ಓರೆಯಾಗುತ್ತದೆ. ಹಗುರವಾಗಿ ಮೂರು ನಾಲ್ಕು ಸಲ ಎಳೆಯಬೇಕು. ಬೋರ್ಡು ಹರಿದಂತೆ ಬಂದರೆ ಬ್ಲೇಡು ಮೊಂಡಾಗಿದೆ ಎಂದರ್ಥ, ತುದಿ ಮುರಿದು ಹೊಸದು ಮಾಡಿ. ಮುರಿದ ತುದಿಗಳನ್ನು ಮುಚ್ಚಳವಿರುವ ಡಬ್ಬಿಗೆ ಹಾಕಿ. ಫೆವಿಕಾಲ್ ಒಂದೇ ಮುಖಕ್ಕೆ ದಪ್ಪ ಹಚ್ಚಿದರೆ ಬೋರ್ಡು ನೀರು ಹೀರಿ ಬಾಗುತ್ತದೆ, ನಮ್ಮ ತೇವದ ಹವೆಯಲ್ಲಿ ಇನ್ನೂ ಬೇಗ. ತೆಳುವಾಗಿ ಹಚ್ಚಿ, ಪುಸ್ತಕ ಹೇರಿ ಅರ್ಧ ಗಂಟೆ ಬಿಡಿ. ಫೋಮ್ ಬೋರ್ಡಿಗೂ ಥರ್ಮಾಕೋಲಿಗೂ ಫೆವಿಕ್ವಿಕ್ ತಾಗಿದರೆ ಒಳಗಿನ ನೊರೆ ಕರಗುತ್ತದೆ, ಬೆರಳೂ ಅಂಟಿಕೊಳ್ಳುತ್ತದೆ. ಅದು ಶಿಬಿರದಲ್ಲಿ ಇರುವುದೇ ಬೇಡ.

21 ಮಕ್ಕಳಿಗೆ ಬೇಕಾದದ್ದು ಇಷ್ಟು. 5 ಮೀಟರ್ ಟೇಪು 7, 30 ಮೀಟರಿನದು 2, ಲೆವೆಲ್ ಪೈಪು 2, ತೂಗುಗುಂಡು 7, 18 ಮಿ.ಮೀ. ಕಟರ್ 21 ಮತ್ತು ಹೆಚ್ಚುವರಿ ಬ್ಲೇಡು, 30 ಸೆಂ.ಮೀ. ಉಕ್ಕಿನ ಸ್ಕೇಲು 21, ಎ3 ಕಟಿಂಗ್ ಮ್ಯಾಟ್ 11, ಸೆಟ್‌ಸ್ಕ್ವೇರ್ ಜೋಡಿ ಮತ್ತು ಕೈವಾರ ತಲಾ ಒಂದು, 2ಎಚ್, ಎಚ್‌ಬಿ, 2ಬಿ, 6ಬಿ ಪೆನ್ಸಿಲ್. ಎ2 ಕಾರ್ಟ್ರಿಜ್ ಹಾಳೆ ತಲಾ 8, ತಿದ್ದುಪಡಿಗೆ ಬಟರ್ ಪೇಪರಿನ (ಕೆಳಗಿನ ಗೆರೆ ಕಾಣುವ ತೆಳು ಹಾಳೆಯ) ಎರಡು ಸುರುಳಿ. ಮಿನಿ ಡ್ರಾಫ್ಟರ್, ಡ್ರಾಯಿಂಗ್ ಬೋರ್ಡು ಬೇಡ, ಶಾಲೆಯ ಮೇಜೇ ಸಾಕು. ಹಾಳೆಗಳನ್ನು ಪಿವಿಸಿ ಪೈಪಿನೊಳಗೆ ಇಟ್ಟರೆ ತೇವಕ್ಕೆ ಸುಕ್ಕಾಗುವುದಿಲ್ಲ. ಪ್ರದರ್ಶನಕ್ಕೆ ಹಗ್ಗ, ಬಟ್ಟೆ ಕ್ಲಿಪ್ಪು.

ಟೀಕೆಯ ಕಟ್ಟಳೆ: ಮಗುವಿಗೆ ಮೂರು ನಿಮಿಷ, ಕೇಳುವವರಿಗೆ ಐದು. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬ ಮಾತು ಯಾರೂ ಆಡಬಾರದು. ಏನು ಕಾಣುತ್ತದೆ, ಏನು ಅರ್ಥವಾಗಲಿಲ್ಲ, ಮಳೆ ಬಂದರೆ ಏನಾಗುತ್ತದೆ ಎಂದು ಕೇಳಬೇಕು. ದೊಡ್ಡವರು ಮಗುವಿನ ಹಾಳೆಯ ಮೇಲೆ ಪೆನ್ಸಿಲ್ ಇಡಬಾರದು. ತೋರಿಸಲೇಬೇಕಿದ್ದರೆ ಬಟರ್ ಪೇಪರ್ ಹಾಸಿ ಅದರ ಮೇಲೆ ಬಿಡಿಸಲಿ. ತೀರ್ಪುಗಾರರ ಸಾಲಿನಲ್ಲಿ ಊರಿನ ಒಬ್ಬ ಮೇಸ್ತ್ರಿ, ಒಬ್ಬ ಬಡಗಿ ಇರಲಿ. ‘ಈ ಕಂಬದ ಮೇಲೆ ಈ ತೊಲೆ ಹೇಗೆ ಕೂರುತ್ತೆ ಮಗಾ?’ ಎಂದು ಅವರು ಕೇಳುವ ಒಂದು ಪ್ರಶ್ನೆಗೆ ಅರ್ಧ ದಿನದ ಉಪನ್ಯಾಸದಷ್ಟು ತೂಕವಿದೆ.

ಹನ್ನೆರಡನೇ ದಿನ ಪ್ರದರ್ಶನ, ಅದರ ಜೊತೆ ಪೋಷಕರಿಗೆ ಮುಕ್ಕಾಲು ಗಂಟೆ. ಆರ್ಕಿಟೆಕ್ಚರ್ ಎಂದರೆ ವಾಸ್ತು ನೋಡುವುದಲ್ಲ, ಸಿವಿಲ್ ಎಂಜಿನಿಯರಿಂಗೂ ಅಲ್ಲ ಎಂದು ಮೊದಲೇ ಹೇಳಿ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ಪರಿಷತ್ತಿನಲ್ಲಿ ನೋಂದಣಿಯಾದವರು ಮಾತ್ರ ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಬೇಕು. 10ನೇ ತರಗತಿ ಮುಗಿಸಿ ಕಾಮರ್ಸ್ ಸೇರಿದರೆ ದಾರಿ ಮುಚ್ಚುತ್ತದೆ, ಆದ್ದರಿಂದ ಈ ಮಾತು ಎಸ್ಸೆಸ್ಸೆಲ್ಸಿ ಮಕ್ಕಳ ಪೋಷಕರಿಗೆ ತುರ್ತಿನದು. ಗಣಿತವಿರುವ ಮೂರು ವರ್ಷದ ಡಿಪ್ಲೊಮಾ ಮಾಡಿದವರಿಗೂ ಅವಕಾಶವಿದೆ. ರಾಜ್ಯದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಹಂಚುತ್ತದೆ. ದೆಹಲಿ, ಭೋಪಾಲ, ವಿಜಯವಾಡದ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಗಳಿಗೆ ಜೆಇಇ ಮೇನ್‌ನ ಎರಡನೇ ಪತ್ರಿಕೆ. ಅರ್ಜಿ ಹಾಕುವ ವರ್ಷದ ಕೈಪಿಡಿಯನ್ನೇ ಓದಬೇಕು, ಹಿಂದಿನ ವರ್ಷದವರ ಮಾತು ನೆಚ್ಚಬಾರದು. ಕಾಲೇಜಿಗೆ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಹಣ ಕಟ್ಟುವ ಮೊದಲು ನೋಡಲಿ. ಕೆಲಸದ ಮೊದಲ ವರ್ಷಗಳಲ್ಲಿ ಸಂಬಳ ಸಾಧಾರಣ, ದುಡಿಮೆ ಹೆಚ್ಚು ಎಂಬುದನ್ನೂ ಬಚ್ಚಿಡಬೇಡಿ.

ತಯಾರಿಗೆ ಜನವರಿಯಲ್ಲೇ ಕೈ ಹಾಕಿ. ಐನ್‌ಮನೆ, ತೋಟ, ಸ್ಮಾರಕಗಳ ಅನುಮತಿ ಫೆಬ್ರವರಿಯೊಳಗೆ ಬರಲಿ, ಸಾಮಾನು ಮಾರ್ಚಿನಲ್ಲಿ ಮೈಸೂರಿನಿಂದ ಬರುವವರ ಕೈಯಲ್ಲಿ ತರಿಸಿ. ಪೋಷಕರ ಒಪ್ಪಿಗೆ ಪತ್ರದಲ್ಲಿ ಕಟರ್ ಬಳಕೆ ಮತ್ತು ಹೊರಗಿನ ಭೇಟಿಗಳ ವಿಷಯ ಬಿಡಿಸಿ ಬರೆಯಿರಿ. ಶಿಬಿರ ಏಪ್ರಿಲ್ ಮಧ್ಯದಲ್ಲಿ ಶುರುವಾಗಿ ತಿಂಗಳ ಕೊನೆಯೊಳಗೆ ಮುಗಿಯಲಿ. ಮೇ ಕೊನೆಗೆ ತಳ್ಳಿದರೆ ನೆಲ ಒದ್ದೆಯಾಗಿ ಜಿಗಣೆ ಏಳುತ್ತದೆ, ರಟ್ಟು ಮೆತ್ತಗಾಗುತ್ತದೆ, ಮೋಡದಲ್ಲಿ ನೆರಳಿನ ಪಾಠವೂ ತಪ್ಪಿಹೋಗುತ್ತದೆ.